ಹಳೆಯ ಟ್ರ್ಯಾಕ್ಟರಿನ ಮೈಬಣ್ಣ

(ಸಂಘದ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಶಾಲೆಯ ಉತ್ಸವದಲ್ಲಿ ಮಾತನಾಡುವವರು ವಿದ್ಯೆಯ ಮಹತ್ತ್ವವನ್ನೋ ಶಿಸ್ತಿನ ಅವಶ್ಯಕತೆಯನ್ನೋ ಕುರಿತು ಹೇಳುವುದು ವಾಡಿಕೆ. ನಾವು ಇಂದು ಆರಿಸಿಕೊಂಡಿರುವ ವಿಷಯ ಅಷ್ಟು ಘನವಾದುದಲ್ಲವೆಂದು ಕೆಲವರಿಗೆ ತೋರಬಹುದು. ಅದು ಹಳೆಯ ಟ್ರ್ಯಾಕ್ಟರುಗಳ ಮಾಸಿದ ಮೈಬಣ್ಣಕ್ಕೆ ಸಂಬಂಧಿಸಿದ್ದು. ಬಿಸಿಲಿಗೆ ಬಣ್ಣ ಕಂದಿ, ಅಲ್ಲಲ್ಲಿ ತುಕ್ಕು ಮೂಡಿ, ಕೈ ತಾಗಿದ ಕಡೆ ನುಣುಪಾಗಿ, ಹಿತ್ತಲಿನ ಕೊಟ್ಟಿಗೆಯಲ್ಲಿ ನಿಂತಿರುವ ಹಳೆಯ ಟ್ರ್ಯಾಕ್ಟರನ್ನು ಉಜ್ಜಿ ಹೊಸ ಬಣ್ಣ ಬಳಿಯಬೇಕೆ, ಅಥವಾ ಅದರ ಮೈಯನ್ನು ಇದ್ದಂತೆಯೇ ಕಾಪಾಡಬೇಕೆ? ಇದೇ ನಮ್ಮ ಮುಂದಿರುವ ಪ್ರಶ್ನೆ. ಕಾಪಾಡಬೇಕೆಂಬುದೇ ನಮ್ಮ ಅಭಿಪ್ರಾಯ. ಹಾಗೇಕೆಂಬುದನ್ನೂ, ಅದನ್ನು ಹೇಗೆ ಮಾಡಬಹುದೆಂಬುದನ್ನೂ ತಮ್ಮ ಮುಂದೆ ಇಡಲು ಅಪ್ಪಣೆ ಬೇಡುತ್ತೇವೆ.

ದಿಂಡಿಗಲ್, ತೇನಿ, ಕಂಬಂ ಕಣಿವೆಯ ನಮ್ಮ ಸೀಮೆ ಬೇಸಾಯವನ್ನೇ ನಂಬಿದ ಸೀಮೆ. ಒಂದು ಕಾಲಕ್ಕೆ ಇದೆಲ್ಲವೂ ಮಧುರೆ ಜಿಲ್ಲೆಗೆ ಸೇರಿತ್ತು. 1985ರಲ್ಲಿ ದಿಂಡಿಗಲ್ಲೂ 1996ರಲ್ಲಿ ತೇನಿಯೂ ಬೇರೆ ಜಿಲ್ಲೆಗಳಾದುವು. ಪಶ್ಚಿಮಕ್ಕೆ ಹರಿದು ಹೋಗುತ್ತಿದ್ದ ಪೆರಿಯಾರ್ ನದಿಯ ನೀರನ್ನು ಬೆಟ್ಟದೊಳಗಿನ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿದ ಮುಲ್ಲೈಪೆರಿಯಾರ್ ಅಣೆಕಟ್ಟು 1895ರಲ್ಲಿ ಪೂರ್ಣವಾಯಿತು. ಅದನ್ನು ಕಟ್ಟಿಸಿದ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ಕರ ಹೆಸರನ್ನು ಇಲ್ಲಿನ ರೈತರು ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಗೂಡಲೂರಿನಿಂದ ಪಳನಿಚೆಟ್ಟಿಪಟ್ಟಿಯವರೆಗಿನ 14,707 ಎಕರೆ ಗದ್ದೆ ವರ್ಷಕ್ಕೆ ಎರಡು ಬೆಳೆ ಬತ್ತ ಕಾಣುವುದು ಆ ನೀರಿನಿಂದಲೇ. ಎರಡು ಬೆಳೆಯೆಂದರೆ ಎರಡು ಸಲ ಉಳುಮೆ, ಎರಡು ಸಲ ಗದ್ದೆಯನ್ನು ಕೆಸರು ಮಾಡುವ ಕೆಲಸ. ಎತ್ತುಗಳು ಹೊತ್ತಿದ್ದ ಈ ಭಾರವನ್ನು ಕ್ರಮೇಣ ಟ್ರ್ಯಾಕ್ಟರು ಹೊತ್ತಿತು.

ಈ ಕಣಿವೆಯಲ್ಲಿ ಎತ್ತಿಗೆ ದೊರೆತ ಗೌರವವನ್ನು ಬಲ್ಲವರಿಗೆ ಅದರ ಉತ್ತರಾಧಿಕಾರಿಯ ವಿಚಾರ ಅಲ್ಪವೆಂದು ತೋರಲಾರದು. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ಬೇಸಾಯಗಾರ ಕುಟುಂಬಗಳು ಇಲ್ಲಿ ತಲೆಮಾರುಗಳಿಂದ ನೆಲೆಸಿವೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಗ್ರಂಥವು ಮಧುರೆ ಸೀಮೆಯ ಕಪ್ಪಿಲಿಯರನ್ನು ಕನ್ನಡ ಮಾತನಾಡುವ ಒಕ್ಕಲಿನವರೆಂದೇ ಹೇಳುತ್ತದೆ. ಕಂಬಂ ಪಟ್ಟಣದ ನಂದಗೋಪಾಲನ ಸನ್ನಿಧಿಯಲ್ಲಿ ದನದ ಹಿಂಡನ್ನು ದೇವರ ಸೊತ್ತಾಗಿ ಸಾಕುವ ಸಂಪ್ರದಾಯವಿದೆ. ಪೊಂಗಲಿನ ಮರುದಿನ, ಮಾಟ್ಟುಪ್ಪೊಂಗಲಿನಂದು, ಜನ ಅಲ್ಲಿ ನೆರೆದು ದನಗಳಿಗೆ ನಮಿಸುತ್ತಾರೆ. ಮುದಿಯಾದ ಎತ್ತಿನ ಕೊಂಬಿನ ಗೀರುಗಳನ್ನೂ ಹೆಗಲಿನ ಜಡ್ಡನ್ನೂ ನೋಡಿ ಅಸಹ್ಯಪಡುವ ಒಕ್ಕಲಿಗನನ್ನು ನಾವು ಕಂಡಿಲ್ಲ. ಅದು ದುಡಿದುದರ ಗುರುತೆಂದು ಅವನು ಬಲ್ಲ. ಆದರೆ ಅದೇ ಒಕ್ಕಲಿಗನು ಟ್ರ್ಯಾಕ್ಟರಿನ ಮೈಮೇಲಿನ ಗುರುತುಗಳನ್ನು ಕೊಳೆಯೆಂದು ಭಾವಿಸಿ ಉಜ್ಜಿ ತೆಗೆಯಲು ಮುಂದಾಗುತ್ತಾನೆ. ಈ ವ್ಯತ್ಯಾಸವೇಕೆ?

ನಮ್ಮ ಮನೆಗಳಲ್ಲಿ ಬೆಳಗುವುದು ಒಂದು ಸದ್ಗುಣ. ಹುಣಸೆಹುಳಿ ಹಾಕಿ ತಿಕ್ಕಿದ ಹಿತ್ತಾಳೆಯ ಬಿಂದಿಗೆ ಥಳಥಳಿಸಿದರೆ ಮನೆಯಾಕೆಗೆ ಕೀರ್ತಿ. ನೀರು ತುಂಬುವ, ಅಡಿಗೆಗೆ ಬಳಸುವ ಪಾತ್ರೆಯನ್ನು ಹಾಗೆ ತಿಕ್ಕುವುದು ಸರಿಯಾದುದೇ. ಅದರಲ್ಲಿ ಕಿಲುಬು ಇರಕೂಡದು. ಆದರೆ ನಮ್ಮ ದಿಂಡಿಗಲ್ಲಿನ ಬೀಗವನ್ನು ನೆನೆಯಿರಿ. ಕೈಕೆಲಸದ ಈ ಬೀಗಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಹಳೆಯ ಬೀಗದ ಮೇಲೆ ಅದನ್ನು ಮಾಡಿದವನು ಕೊರೆದ ಅಕ್ಷರವೋ ಅಂಕೆಯೋ ಇದ್ದರೆ, ಪ್ರತಿ ಸಲ ತಿಕ್ಕಿದಾಗಲೂ ಲೋಹ ಕೂದಲೆಳೆಯಷ್ಟು ಸವೆದು ಆ ಅಕ್ಷರ ಮಸುಕಾಗುತ್ತದೆ. ಕೊನೆಗೆ ಬೀಗ ಹೊಳೆಯುತ್ತದೆ. ಮಾಡಿದವನ ಗುರುತು ಮಾತ್ರ ಅಳಿದಿರುತ್ತದೆ. ಹಳೆಯ ಟ್ರ್ಯಾಕ್ಟರಿನ ವಿಷಯದಲ್ಲಿಯೂ ಇದೇ ನಡೆಯುತ್ತಿದೆ.

ನಮ್ಮ ದೇಶದಲ್ಲಿ ಟ್ರ್ಯಾಕ್ಟರಿನ ಚರಿತ್ರೆ ಬಹಳ ದೀರ್ಘವಾದುದಲ್ಲ. ಐಷರ್ ಸಂಸ್ಥೆಯ ಮೊದಲ ಟ್ರ್ಯಾಕ್ಟರು ಫರೀದಾಬಾದಿನ ಕಾರ್ಖಾನೆಯಿಂದ ಹೊರಬಂದುದು 1959ರಲ್ಲಿ. ಮರುವರ್ಷ ಮದರಾಸಿನಲ್ಲಿ ಟಾಫೆ ಸಂಸ್ಥೆ ಸ್ಥಾಪನೆಯಾಗಿ, ಮ್ಯಾಸಿ ಫರ್ಗುಸನ್ನಿನ ಸಹಯೋಗದಿಂದ ಕೆಂಪು ಟ್ರ್ಯಾಕ್ಟರುಗಳನ್ನು ತಯಾರಿಸತೊಡಗಿತು. ಮಧುರೆಗೆ ಸಮೀಪದ ಕಲ್ಲಡಿಪಟ್ಟಿಯಲ್ಲಿಯೂ ಮುಂದೆ ಅದರ ಕಾರ್ಖಾನೆಯಾಯಿತು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆಯು 1971ರಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರು ಮಾಡಲು ತೊಡಗಿತು. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು. ಹೀಗೆ ನಿಂತುಹೋದ ಕಾರ್ಖಾನೆಯ ಯಂತ್ರವು ಒಂದು ಮನೆಯಲ್ಲಿದ್ದರೆ, ಅದರ ಮೇಲಿನ ಮೂಲ ಬಣ್ಣವನ್ನು ಬಳಿದ ಕೈಗಳು ಇನ್ನು ಆ ಕೆಲಸವನ್ನು ಮಾಡುವುದಿಲ್ಲ. ಬಿಡಿಭಾಗವನ್ನು ಎಲ್ಲಿಂದಲಾದರೂ ತರಿಸಬಹುದು. ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟಬಹುದು. ಕಾರ್ಖಾನೆಯಲ್ಲಿ ಬಳಿದು, ಐವತ್ತು ವರ್ಷದ ಬಿಸಿಲಿನಲ್ಲಿ ಹಣ್ಣಾದ ಬಣ್ಣವನ್ನು ಮಾತ್ರ ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.

ಆ ಮೈಬಣ್ಣದಲ್ಲಿ ಏನೇನಿದೆಯೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕ್ಲಚ್ಚಿನ ಮೆಟ್ಟು ಒಂದು ಅಂಚಿನಲ್ಲಿ ಹೆಚ್ಚು ಸವೆದಿದ್ದರೆ, ನಡೆಸಿದವನು ಪಾದವನ್ನು ಓರೆಯಾಗಿ ಇಡುತ್ತಿದ್ದನೆಂದು ತಿಳಿಯುತ್ತದೆ. ಎಡಗಡೆಯ ಮಡ್‌ಗಾರ್ಡಿನ ನೆತ್ತಿ ಹೊಳೆಯುತ್ತಿದ್ದರೆ, ಹೊಲಕ್ಕೆ ಹೋಗುವಾಗ ಅಲ್ಲಿ ಯಾರೋ ಕುಳಿತು ಕೈಯೂರುತ್ತಿದ್ದರು. ಗದ್ದೆಯಲ್ಲಿ ಕಬ್ಬಿಣದ ಪಟ್ಟಿಯ ಚಕ್ರ ಕಟ್ಟಿಕೊಂಡು ಕೆಸರು ತುಳಿದ ಯಂತ್ರಕ್ಕೆ ಅಚ್ಚಿನ ಸುತ್ತ ತುಕ್ಕು ಹೆಚ್ಚು. ದಿಂಡಿಗಲ್ಲಿನ ಕಡೆಯ ಒಣಭೂಮಿಯಲ್ಲಿ ದುಡಿದ ಯಂತ್ರಕ್ಕೆ ತುಕ್ಕು ಕಡಮೆ, ಬಾನೆಟ್ಟಿನ ಬಣ್ಣ ಕಂದಿರುವುದು ಹೆಚ್ಚು. ದ್ರಾಕ್ಷಿಯ ಚಪ್ಪರದ ಕೆಳಗೆ ಔಷಧಿ ಸಿಂಪಡಿಸಿದ ಯಂತ್ರದ ಮೇಲೆ ಮೈಲುತುತ್ತದ ನೀಲಿ ಕಲೆ ಉಳಿದಿರಬಹುದು. ಬಾನೆಟ್ಟಿನ ಮೇಲೆ ಊರಿನ ಬಣ್ಣಗಾರನು ತಮಿಳಿನಲ್ಲಿ ಬರೆದ ‘ಮುರುಗನ್ ತುಣೈ’ ಎಂಬ ಅಕ್ಷರಗಳು, ಆಯುಧಪೂಜೆಗೆ ವರ್ಷವರ್ಷವೂ ಇಟ್ಟ ಕುಂಕುಮದ ಕೆಂಪು ಮಚ್ಚೆ, ಇವೆಲ್ಲವೂ ಅಲ್ಲಿವೆ. ಬರೆಹ ಬಾರದ ರೈತನೊಬ್ಬನು ತನ್ನ ಜೀವನಚರಿತ್ರೆಯನ್ನು ಎಲ್ಲಿಯಾದರೂ ಬಿಟ್ಟುಹೋಗಿದ್ದರೆ ಅದು ಇಂತಹ ಕಡೆ.

ಇದು ಅತಿಶಯೋಕ್ತಿಯಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಹೇಳುತ್ತೇವೆ. ಕಣಿವೆಯ ಒಂದು ಹಳ್ಳಿಯ ಮನೆಯಲ್ಲಿ ನಾವು ನೋಡಿದ ಕೆಂಪು ಟ್ರ್ಯಾಕ್ಟರಿನ ಬಲಗಡೆಯ ಮಡ್‌ಗಾರ್ಡಿನ ಒಳಮೈಯಲ್ಲಿ ಮೊಳೆಯಿಂದ ಗೀಚಿದ ಸಣ್ಣ ಗೆರೆಗಳಿದ್ದುವು. ನಾಲ್ಕು ಉದ್ದಗೆರೆ, ಅವುಗಳ ಮೇಲೆ ಒಂದು ಅಡ್ಡಗೆರೆ, ಹೀಗೆ ಸಾಲುಸಾಲಾಗಿ. ಮನೆಯ ಹಿರಿಯಾಕೆ ಅದರ ಅರ್ಥವನ್ನು ಬಲ್ಲವರಾಗಿದ್ದರು. ಅವರ ಯಜಮಾನರು ಬಾಡಿಗೆಗೆ ಉತ್ತ ಎಕರೆಗಳ ಲೆಕ್ಕವಂತೆ ಅದು. ಒಂದು ಗೆರೆಗೆ ಒಂದು ಎಕರೆ. ಅಡ್ಡಗೆರೆಯ ಪಕ್ಕದಲ್ಲಿ ಚುಕ್ಕಿಯಿದ್ದರೆ ಹಣ ಸಂದಿಲ್ಲವೆಂದು ಅರ್ಥ. ಸಾಲಿನ ಕೊನೆಯಲ್ಲಿ ಚುಕ್ಕಿಗಳು ಬಹಳವಿದ್ದುವು. “ಅದು ಮಳೆ ಕೈಕೊಟ್ಟ ವರ್ಷ, ಯಾರನ್ನೂ ಕೇಳಲಿಲ್ಲ” ಎಂದು ಆಕೆ ಹೇಳಿದರು. ಎಡಗಡೆಯ ಮಡ್‌ಗಾರ್ಡನ್ನು ಅಷ್ಟರಲ್ಲಿ ಮೊಮ್ಮಕ್ಕಳು ಪೊಂಗಲ್ ಹಬ್ಬಕ್ಕೆಂದು ಉಪ್ಪುಕಾಗದದಿಂದ ಉಜ್ಜಿಸಿ ಹೊಸ ಕೆಂಪು ಬಣ್ಣ ಬಳಿಸಿದ್ದರು. ಅಲ್ಲಿಯೂ ಗೆರೆಗಳಿದ್ದುವೆ ಎಂದು ಕೇಳಿದುದಕ್ಕೆ, ಇದ್ದುವೆಂದು ಆಕೆ ತಲೆಯಾಡಿಸಿದರು. ಮೊಮ್ಮಕ್ಕಳಲ್ಲಿ ದುರುದ್ದೇಶವೇನೂ ಇರಲಿಲ್ಲ. ತಾತನ ಯಂತ್ರಕ್ಕೆ ಮರ್ಯಾದೆ ಮಾಡಬೇಕೆಂದೇ ಅವರು ಹೊರಟಿದ್ದರು. ಆದರೆ ಊರಿನವರಿಗೆ ಬಿಟ್ಟುಕೊಟ್ಟ ಸಾಲದ ಅರ್ಧ ಲೆಕ್ಕ ಆ ಮರ್ಯಾದೆಯ ಕೆಳಗೆ ಅಳಿಸಿಹೋಯಿತು. ಬಲಗಡೆಯದನ್ನು ಈಗ ಅವರು ಮುಟ್ಟುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಬಹುದು: “ತುಕ್ಕನ್ನು ಹಾಗೆಯೇ ಬಿಟ್ಟರೆ ಅದು ಕಬ್ಬಿಣವನ್ನೆಲ್ಲ ತಿಂದುಹಾಕುವುದಿಲ್ಲವೆ?” ಪ್ರಶ್ನೆ ಯುಕ್ತವಾದುದು. ದೆಹಲಿಯ ಕಬ್ಬಿಣದ ಸ್ತಂಭ ಸುಮಾರು 1600 ವರ್ಷಗಳಿಂದ ನಿಂತಿದೆ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿರುವುದರಿಂದ ಲೋಹಕ್ಕೂ ತುಕ್ಕಿಗೂ ನಡುವೆ ತೆಳುವಾದ ರಕ್ಷಕ ಪದರವೊಂದು ಉಂಟಾಗಿದೆಯೆಂದು ಕಾನ್ಪುರದ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಬಾಲಸುಬ್ರಹ್ಮಣ್ಯಂ ವಿವರಿಸಿದರು. ಕನ್ನಡನಾಡಿನ ಕೊಡಚಾದ್ರಿಯಲ್ಲಿ, ಮೂಕಾಂಬಿಕೆಯ ಮೂಲಸ್ಥಾನದೆದುರು ಇರುವ ಕಬ್ಬಿಣದ ಕಂಬವೂ ಮಲೆನಾಡಿನ ಜಡಿಮಳೆಯನ್ನು ಬಹುಕಾಲದಿಂದ ತಡೆದು ನಿಂತಿದೆ. ಆದರೆ ಟ್ರ್ಯಾಕ್ಟರಿನ ತಗಡು ಅಂತಹ ಕಬ್ಬಿಣವಲ್ಲ. ಅದರ ತುಕ್ಕು ರಂಧ್ರಮಯವಾದುದು. ನೀರನ್ನೂ ಗಾಳಿಯನ್ನೂ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಕಬ್ಬಿಣಕ್ಕಿಂತ ತುಕ್ಕು ಹೆಚ್ಚು ಜಾಗವನ್ನು ಬೇಡುವುದರಿಂದ ಪಕ್ಕದ ಬಣ್ಣವನ್ನೂ ಎಬ್ಬಿಸುತ್ತದೆ. ಗೊಬ್ಬರದ ಉಪ್ಪು ಸೇರಿದರೆ ಈ ಕ್ರಿಯೆ ಇನ್ನಷ್ಟು ತೀವ್ರವಾಗುತ್ತದೆ. ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನಿಟ್ಟರೆ ಏನಾಗುವುದೆಂದು ಪ್ರಯೋಗಶಾಲೆಯಲ್ಲಿ ನೀವು ನೋಡಿದ್ದೀರಿ: ಮೊಳೆಯ ಮೇಲೆ ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಆದುದರಿಂದ ನಾವು ಹೇಳುವುದು ತುಕ್ಕನ್ನು ಪೂಜಿಸಬೇಕೆಂದಲ್ಲ. ಮಾಸಿದ ಬಣ್ಣವನ್ನು ಉಳಿಸಬೇಕು, ತಿನ್ನುವ ತುಕ್ಕನ್ನು ನಿಲ್ಲಿಸಬೇಕು. ಈ ಎರಡನ್ನೂ ಬೇರ್ಪಡಿಸಿ ನೋಡುವುದೇ ಈ ಕೆಲಸದ ವಿವೇಕ.

ಬೇರ್ಪಡಿಸುವ ಬಗೆ ಸುಲಭವಾದುದು. ಒಣ ಬೆರಳಿನಿಂದ ಬಾನೆಟ್ಟನ್ನು ಮೃದುವಾಗಿ ತಡವಿರಿ. ಬೆರಳಿಗೆ ಬಣ್ಣದ ಪುಡಿ ಅಂಟಿದರೆ, ಬಿಸಿಲು ಬಣ್ಣದ ಅಂಟನ್ನು ಹಾಳುಮಾಡಿದೆಯೆಂದು ಅರ್ಥ. ಅಲ್ಲಿ ಬಣ್ಣಕ್ಕೆ ಆಸರೆ ಬೇಕು. ತುಕ್ಕಿನ ಕಲೆ ಕಂದುಬಣ್ಣವಾಗಿ, ಗಟ್ಟಿಯಾಗಿ, ಕೈಗೆ ಪುಡಿ ಬಿಡದೆ ಇದ್ದರೆ ಅದು ಸದ್ಯಕ್ಕೆ ಸುಮ್ಮನಿದೆ. ಕಿತ್ತಳೆಬಣ್ಣದ ಹೊಸ ಪುಡಿ ಉದುರುತ್ತಿದ್ದರೆ, ಇಲ್ಲವೆ ಹಾಳೆಹಾಳೆಯಾಗಿ ಏಳುತ್ತಿದ್ದರೆ, ಅದು ತಿನ್ನುತ್ತಿದೆ, ಅಲ್ಲಿ ತಡಮಾಡಬಾರದು.

ಮುಂದಿನ ಕೆಲಸವನ್ನು ಕ್ರಮವಾಗಿ ಹೇಳುತ್ತೇವೆ. ಯಂತ್ರವನ್ನು ಮುಟ್ಟುವುದಕ್ಕೆ ಮೊದಲು ನಾಲ್ಕು ಕಡೆಯಿಂದಲೂ ಛಾಯಾಚಿತ್ರ ತೆಗೆಯಿರಿ. ಎಂಜಿನ್ನಿನ ಮತ್ತು ಚೌಕಟ್ಟಿನ ಅಂಕೆಗಳನ್ನೂ, ತಗಡಿನ ಫಲಕದಲ್ಲಿರುವುದನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಪ್ರತಿಯೊಂದು ಗೀರಿನ, ತಗ್ಗಿನ, ಬೆಸುಗೆಯ ಕತೆಯನ್ನು ಮನೆಯ ಹಿರಿಯರಿಂದ ಕೇಳಿ ಅದೇ ಪುಸ್ತಕದಲ್ಲಿ ಸೇರಿಸಿ. ವಿದ್ಯಾರ್ಥಿಗಳೆ, ಇದು ನಿಮ್ಮ ಪಾಲಿನ ಕೆಲಸ. ಇದಕ್ಕೆ ಹಣ ಬೇಕಿಲ್ಲ, ತಾತ ಅಜ್ಜಿಯರ ಬಳಿ ಕುಳಿತುಕೊಳ್ಳುವ ತಾಳ್ಮೆ ಸಾಕು.

ಅನಂತರ ಒಣ ಕುಂಚದಿಂದ ಧೂಳನ್ನು ತೆಗೆದು, ಸೌಮ್ಯವಾದ ಸಾಬೂನು ಬೆರೆಸಿದ ನೀರಿನಲ್ಲಿ ಮೆತ್ತನೆಯ ಬಟ್ಟೆಯನ್ನು ಅದ್ದಿ ಹಿಂಡಿ ಒರಸಬೇಕು. ಮೊದಲು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಪ್ರಯೋಗಿಸಿ ನೋಡುವುದು ಮೇಲು. ತಂತಿಯ ಕುಂಚ, ಉಪ್ಪುಕಾಗದ, ಮರಳು ಎರಚುವ ಯಂತ್ರ, ಆಮ್ಲ, ರಭಸದ ನೀರಿನ ಕೊಳವೆ, ಇವುಗಳನ್ನು ಹತ್ತಿರ ಸೇರಿಸಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವ ಉಂಟು. ಅದನ್ನು ಉಜ್ಜಿದಾಗ ಏಳುವ ಧೂಳು ಮಕ್ಕಳ ಆರೋಗ್ಯಕ್ಕೆ ಬಹಳ ಹಾನಿಕರ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರಲ್ಲಿ ಮಾತ್ರ. ಉಜ್ಜದಿರುವುದಕ್ಕೆ ಇದೊಂದೇ ಕಾರಣ ಸಾಕೆಂದು ತಾಯಂದಿರು ಒಪ್ಪುವರೆಂದು ನಂಬಿದ್ದೇವೆ.

ತೊಳೆದ ಯಂತ್ರವನ್ನು ನೆರಳಿನಲ್ಲಿ ಪೂರ್ತಿಯಾಗಿ ಒಣಗಲು ಬಿಟ್ಟು, ಪುಡಿ ಬಿಡುತ್ತಿರುವ ತುಕ್ಕನ್ನು ತೆಂಗಿನ ನಾರಿನಿಂದ ಮೆಲ್ಲಗೆ ಉದುರಿಸಿ, ಅಲ್ಲಿಗೆ ತೆಳುವಾಗಿ ಯಂತ್ರದ ಎಣ್ಣೆಯನ್ನು ಸವರಿ, ಹೆಚ್ಚಾದುದನ್ನು ಒರಸಿ ತೆಗೆಯಬೇಕು. ಬಣ್ಣ ಉಳಿದಿರುವ ಕಡೆ ಮೇಣದ ಲೇಪ ಉತ್ತಮ. ವಸ್ತುಸಂಗ್ರಹಾಲಯಗಳಲ್ಲಿಯೂ ಲೋಹದ ವಸ್ತುಗಳಿಗೆ ಮೇಣವನ್ನು ಬಳಸುತ್ತಾರೆ. ಅದು ನೀರನ್ನು ತಡೆಯುತ್ತದೆ, ಬೇಡವಾದಾಗ ತೆಗೆಯಲೂ ಬರುತ್ತದೆ. ಕೆಲವರು ಕಾಯಿಸಿದ ಅಗಸೆ ಎಣ್ಣೆಯನ್ನು ಬಳಿಯುವುದುಂಟು. ಕಂದಿದ ಬಣ್ಣ ಅದರಿಂದ ತಟ್ಟನೆ ಗಾಢವಾಗಿ ಕಾಣುತ್ತದೆ, ನಿಜ. ಆದರೆ ಕಾಲಾನಂತರ ಅದು ಹಳದಿಗೆ ತಿರುಗುತ್ತದೆ, ಒಣಗಿದ ಮೇಲೆ ತೆಗೆಯುವುದೂ ಕಷ್ಟ. ಅಲ್ಲದೆ ಆ ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಕಾದು ಬೆಂಕಿ ಹತ್ತಬಹುದು. ಅಂತಹ ಬಟ್ಟೆಯನ್ನು ನೀರಿನಲ್ಲಿ ನೆನೆಸಿಡಬೇಕು. ಅಣಲೆಕಾಯಿಯ ಒಗರು ಕಬ್ಬಿಣದೊಡನೆ ಸೇರಿದರೆ ಕಪ್ಪಾಗುವುದನ್ನು ಹಿಂದೆ ಮಸಿ ಮಾಡುತ್ತಿದ್ದವರು ಬಲ್ಲರು. ಅದೇ ಒಗರಿನ ಸತ್ತ್ವದಿಂದ ತುಕ್ಕನ್ನು ಕಪ್ಪಾದ ಸ್ಥಿರ ಪದಾರ್ಥವನ್ನಾಗಿ ಮಾಡುವ ಔಷಧಗಳಿವೆ. ಅವು ಬಣ್ಣವನ್ನು ಬದಲಿಸುವುದರಿಂದ, ತುಕ್ಕು ಆಳವಾಗಿ ಇಳಿದ ಕಡೆ ಮಾತ್ರ ಬಳಸತಕ್ಕದ್ದು.

ಇಡುವ ಜಾಗವೂ ಮುಖ್ಯ. ಮೇಲೆ ಸೂರು, ಕೆಳಗೆ ಹಲಗೆ, ಸುತ್ತಲೂ ಗಾಳಿ: ಈ ಮೂರಿದ್ದರೆ ಅರ್ಧ ಕೆಲಸವಾದಂತೆ. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿದರೆ ತೇವ ಒಳಗೇ ನಿಂತು ತುಕ್ಕು ಬೆಳೆಯುತ್ತದೆ. ದನದ ಗಂಜಳ ಹರಿಯುವ ಕಡೆಯಲ್ಲಿ ಯಂತ್ರವನ್ನು ನಿಲ್ಲಿಸಬಾರದು. ಸೈಲೆನ್ಸರಿನ ಕೊಳವೆಯ ಬಾಯಿಗೆ ತಗಡಿನ ಡಬ್ಬವೊಂದನ್ನು ಕವುಚಿ ಹಾಕಿದರೆ ಮಳೆಯ ನೀರು ಎಂಜಿನ್ನಿಗೆ ಇಳಿಯುವುದಿಲ್ಲ.

ಇನ್ನು ಪೋಷಕರ ಮನಸ್ಸಿನಲ್ಲಿರಬಹುದಾದ ಆಕ್ಷೇಪಣೆಗೆ ಬರೋಣ. “ನಮ್ಮ ಟ್ರ್ಯಾಕ್ಟರು ಇನ್ನೂ ದುಡಿಯುತ್ತಿದೆ, ಅದು ನಮಗೆ ಅನ್ನ, ಪ್ರದರ್ಶನದ ವಸ್ತುವಲ್ಲ” ಎಂದು ತಾವು ಹೇಳಿದರೆ ಆ ಮಾತನ್ನು ನಾವು ತಲೆಬಾಗಿ ಒಪ್ಪುತ್ತೇವೆ. ದುಡಿಯುವ ಯಂತ್ರದಲ್ಲಿ ಪ್ರಾಣರಕ್ಷಣೆಯೇ ಮೊದಲು. ಬ್ರೇಕು, ಸ್ಟೀರಿಂಗು, ಟೈರು, ದೀಪ, ತಿರುಗುವ ದಂಡದ ಮೇಲಿನ ಮುಚ್ಚಳ, ಇವುಗಳಲ್ಲಿ ಹಳಮೆಯ ಅಭಿಮಾನ ಸಲ್ಲದು, ಸವೆದರೆ ಬದಲಾಯಿಸಲೇಬೇಕು. ತುಕ್ಕು ತಿಂದು ತೂತಾದ ತಗಡಿಗೆ ತೇಪೆ ಹಾಕಿದರೂ ತಪ್ಪಿಲ್ಲ. ಅದು ತೇಪೆಯೆಂದು ಕಾಣುವಂತಿರಲಿ. ನಾವು ಬೇಡುವುದು ಇಷ್ಟೆ: ಒಳಗಿನ ಅಂಗಗಳು ಎಷ್ಟು ಬೇಕಾದರೂ ಹೊಸದಾಗಲಿ, ಮೈಯನ್ನು ಮಾತ್ರ ಅವಸರದಿಂದ ಸುಲಿಯಬೇಡಿ. ಹೊಸ ಬಣ್ಣ ಬಳಿಯುವ ಅಧಿಕಾರ ನಾಳೆಯೂ ತಮ್ಮದೇ ಆಗಿರುತ್ತದೆ. ಬಳಿದುದನ್ನು ಹಿಂದಕ್ಕೆ ಪಡೆಯುವ ಶಕ್ತಿ ಯಾರಿಗೂ ಇಲ್ಲ.

ಹೊರದೇಶಗಳಲ್ಲಿಯೂ ಈ ತಿಳಿವು ನಿಧಾನವಾಗಿಯೇ ಬಂದುದು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಮೀರಿ ತಯಾರಾದ ಫರ್ಗುಸನ್ ಸಂಸ್ಥೆಯ ಬೂದುಬಣ್ಣದ ಸಣ್ಣ ಟ್ರ್ಯಾಕ್ಟರುಗಳು ಅಲ್ಲಿನ ರೈತರಿಗೆ ಅಚ್ಚುಮೆಚ್ಚು. ಅವುಗಳನ್ನು ಸಂಗ್ರಹಿಸುವವರು ಹಲವರು ಹೊಸ ಬಣ್ಣ ಬಳಿದು ಕನ್ನಡಿಯಂತೆ ಹೊಳೆಯಿಸುತ್ತಾರೆ. ಆದರೆ ಬಣ್ಣವನ್ನು ಮುಟ್ಟದೆ ಬಿಟ್ಟ ಯಂತ್ರಕ್ಕೆ ಈಗ ವಿಶೇಷ ಆದರ ದೊರೆಯುತ್ತಿದೆ. ಅಮೆರಿಕದ ಸಂಗ್ರಾಹಕರು ಅಂತಹುದನ್ನು ದುಡಿಮೆಯ ಉಡುಪಿನಲ್ಲಿರುವ ಟ್ರ್ಯಾಕ್ಟರೆಂದು ಕರೆಯುತ್ತಾರೆ. ಅದಕ್ಕೆ ಬೆಲೆ ಬಂದುದನ್ನು ಕಂಡು, ಹೊಸ ತಗಡಿಗೆ ಉಪ್ಪುನೀರು ಎರಚಿ ಸುಳ್ಳು ತುಕ್ಕು ಹಿಡಿಸುವವರೂ ಹುಟ್ಟಿಕೊಂಡಿದ್ದಾರೆ. ನಕಲಿಯನ್ನು ಕಂಡುಹಿಡಿಯುವುದು ಕಷ್ಟವಲ್ಲ: ನಿಜವಾದ ಸವಕಲು ಕೈಯೂ ಕಾಲೂ ತಾಗುವ ಜಾಗದಲ್ಲಿಯೇ ಇರುತ್ತದೆ; ಸುಳ್ಳು ಸವಕಲು ಕಣ್ಣಿಗೆ ಬೀಳುವ ಜಾಗದಲ್ಲಿರುತ್ತದೆ.

ಕೊನೆಯದಾಗಿ ಒಂದು ಮಾತು. ಈ ಕಣಿವೆಯ ಮನೆಗಳಲ್ಲಿ ಆಡುವ ಕನ್ನಡವೂ ಇಂತಹುದೇ. ನೂರಾರು ವರ್ಷ ತಮಿಳಿನ ಬಿಸಿಲು ಮಳೆಯಲ್ಲಿ ನಿಂತು ಅದಕ್ಕೆ ಬೇರೆಯೇ ಒಂದು ಬಣ್ಣ ಬಂದಿದೆ. ಪುಸ್ತಕದ ಕನ್ನಡವನ್ನು ಕಲಿತ ಮಕ್ಕಳು ಅಜ್ಜಿಯ ಮಾತನ್ನು ಕೇಳಿ ನಗುವುದುಂಟು. ನಗಬೇಡಿ, ಮಕ್ಕಳೆ. ಪುಸ್ತಕದ ಕನ್ನಡವನ್ನು ಚೆನ್ನಾಗಿ ಕಲಿಯಿರಿ. ಅಜ್ಜಿಯ ಕನ್ನಡವನ್ನು ಉಜ್ಜಿ ಅಳಿಸಬೇಡಿ. ಅದರಲ್ಲಿಯೂ ಗೆರೆಗಳಿವೆ, ಚುಕ್ಕಿಗಳಿವೆ. ಅವುಗಳ ಅರ್ಥವನ್ನು ಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಿ.

ಬರುವ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇರುವ ಒಂದು ಹಳೆಯ ಟ್ರ್ಯಾಕ್ಟರನ್ನು, ಅದಿಲ್ಲದಿದ್ದರೆ ಒಂದು ನೇಗಿಲನ್ನು, ಬಂಡಿಯನ್ನು, ಬೀಗವನ್ನು ಆರಿಸಿಕೊಂಡು ಅದರ ಮೈಮೇಲಿನ ಗುರುತುಗಳ ವಿವರವನ್ನು ಎರಡು ಪುಟ ಬರೆದು ತಂದರೆ, ಇಂದಿನ ನಮ್ಮ ಮಾತು ಸಾರ್ಥಕವಾಯಿತೆಂದು ಭಾವಿಸುತ್ತೇವೆ.